ಹುಣಸೆ ಮರದ ವಾಂಡಾ, ಜಾಮ್ ಬಾಟಲಿಯ ಸಸಿ

ಮಧುಗಿರಿಯಿಂದ ಕೊರಟಗೆರೆ ಕಡೆ ಹೋಗುವಾಗ ಹಳೆಯ ಹುಣಸೆ, ಹೊಂಗೆ, ಮಾವಿನ ಮರ ಕಂಡರೆ ಒಮ್ಮೆ ತಲೆಯೆತ್ತಿ ನೋಡಿ. ದಪ್ಪ ಬಿಳಿ ಬೇರುಗಳನ್ನು ತೊಗಟೆಗೆ ಹಬ್ಬಿಸಿ, ಗಡಸಾದ ಉದ್ದನೆಯ ಎಲೆಗಳನ್ನು ಎರಡೂ ಬದಿಗೆ ಚಾಚಿಕೊಂಡ ಗಿಡ ಕೊಂಬೆಯ ಮೇಲೆ ಕೂತಿದ್ದರೆ ಅದು ವಾಂಡಾ ಟೆಸೆಲೇಟಾ ಇರಬಹುದು. ಬೇಸಿಗೆಯಲ್ಲಿ ಹಳದಿ ಮಿಶ್ರಿತ ಹಸಿರು ದಳಗಳ ಮೇಲೆ ಕಂದು ಚೌಕುಳಿ ಬಿಡಿಸಿದ ಹೂ ಬಿಡುತ್ತದೆ. ತುಟಿ ನೀಲಿ ನೇರಳೆ, ಹತ್ತಿರ ಹೋದರೆ ಪರಿಮಳ. ಕೋರಮಂಡಲ ತೀರದ ಸಸ್ಯಗಳ ಬಗ್ಗೆ ವಿಲಿಯಂ ರಾಕ್ಸ್‌ಬರ್ಗ್ ಹೊರತಂದ ಪುಸ್ತಕದಲ್ಲಿ 1795ರಲ್ಲೇ ಇದರ ಚಿತ್ರ, ವಿವರಣೆ ಬಂದಿವೆ. ಆರ್ಕಿಡ್ ಎಂದರೆ ಮಲೆನಾಡಿನ ಮಳೆಗಷ್ಟೇ ಒಗ್ಗುವ ಗಿಡ, ಇಲ್ಲವೇ ಮದುವೆ ಮಂಟಪಕ್ಕೆ ಹೊರಗಿನಿಂದ ಬರುವ ಹೂ ಎಂದುಕೊಂಡವರೇ ಹೆಚ್ಚು. ಬಯಲುಸೀಮೆಯ ಬಿಸಿಲು ತಡೆದು ಬಾಳುವ ಆರ್ಕಿಡ್ ಇದು.

ಇದನ್ನು ಕಿತ್ತುಹಾಕುವವರು ಬಹಳ. ಕೊರಟಗೆರೆ ಹತ್ತಿರದ ಮಾವಿನ ತೋಟವೊಂದರಲ್ಲಿ ಅಜ್ಜಿಯೊಬ್ಬರು ನನಗೆ ಹೇಳಿದ್ದು: “ಬದನಿಕೆ ಕಣಮ್ಮ ಅದು, ಮರ ತಿಂದಾಕ್ತೈತೆ, ಕಿತ್ತು ಬಿಸಾಕು.” ಬದನಿಕೆ ಬೇರೆ; ಅದು ಕೊಂಬೆಯೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ. ವಾಂಡಾ ತೊಗಟೆಯನ್ನು ಹಿಡಿದುಕೊಂಡು ನಿಲ್ಲುತ್ತದೆ, ಅಷ್ಟೇ. ಮಳೆ, ಇಬ್ಬನಿ, ತೊಗಟೆಯ ಮೇಲೆ ಕೂತ ಧೂಳು, ಕಸ ಇವೇ ಅದರ ಆಹಾರ. ಬೇರನ್ನು ರಾಸ್ನಾ ಎಂದು ಔಷಧಿಗೆ ಕೀಳುವವರೂ ಇದ್ದಾರೆ. ರಸ್ತೆ ಅಗಲವಾಗುವಾಗ ಸಾಲುಮರ ಉರುಳಿದರೆ ಅದರ ಮೇಲಿದ್ದ ಗಿಡಗಳೂ ಹೋದವು. ಹೀಗೆ ಕಳೆದುಕೊಳ್ಳುತ್ತಿರುವುದನ್ನು ಮನೆಯಲ್ಲೇ ಬೀಜದಿಂದ ಬೆಳೆಸಬಹುದು. ಆ ಕೆಲಸಕ್ಕೆ ನಮ್ಮ ತಾಲ್ಲೂಕುಗಳ ಜನ ಕೈಹಾಕಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಬೀಜ ಚೆಲ್ಲಿದರೆ ಸಾಲದೇ ಎಂದು ಕೇಳುತ್ತೀರಿ. ಸಾಲದು. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ, ಒಂದೊಂದೂ ಧೂಳಿನ ಕಣದಷ್ಟು. ರಾಗಿ ಕಾಳು ಕೂಡ ಮೊಳಕೆಗೆ ಬೇಕಾದ ಬುತ್ತಿಯನ್ನು ಹೊಟ್ಟೆಯಲ್ಲಿ ಕಟ್ಟಿಕೊಂಡಿರುತ್ತದೆ. ಆರ್ಕಿಡ್ ಬೀಜ ಬುತ್ತಿಯಿಲ್ಲದೆ ಹೊರಟದ್ದು. ಮರದ ಮೇಲೆ ಒಂದು ಬಗೆಯ ಶಿಲೀಂಧ್ರ ಬೀಜದೊಳಗೆ ಹೊಕ್ಕು ಅದಕ್ಕೆ ಆಹಾರ ಒದಗಿಸಬೇಕು. ಅದು ಸಿಗದ ಬೀಜವೆಲ್ಲ ವ್ಯರ್ಥ. ಫ್ರಾನ್ಸಿನ ನೋಯೆಲ್ ಬರ್ನಾರ್ ಇದನ್ನು ಕಂಡುಕೊಂಡದ್ದು 1899ರಲ್ಲಿ. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಬಹುದು, ಜೆಲ್ಲಿಯಂತೆ ಗಟ್ಟಿಯಾಗುವ ಅಗರ್‌ಗೆ ಲವಣಗಳ ಜೊತೆ ಸಕ್ಕರೆ ಬೆರೆಸಿದರೆ ಸಾಕು ಎಂದು ತೋರಿಸಿದರು.

ತೊಡಕು ಇರುವುದೂ ಆ ಸಕ್ಕರೆಯಲ್ಲೇ. ಬೀಜಕ್ಕೆ ರುಚಿಸಿದ್ದು ಗಾಳಿಯಲ್ಲಿರುವ ಬೂಷ್ಟು, ಬ್ಯಾಕ್ಟೀರಿಯಾಗಳಿಗೂ ರುಚಿಸುತ್ತದೆ, ಅವು ಬೀಜಕ್ಕಿಂತ ಎಷ್ಟೋ ಪಾಲು ಬೇಗ ಬೆಳೆಯುತ್ತವೆ. ನಾನು ಮಧುಗಿರಿಯ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್. ಹಗಲೆಲ್ಲ ರೋಗಿಗಳ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಅಗರ್ ಮೇಲೆ ಬೆಳೆಸಿ ಗುರುತಿಸುವ ಕೆಲಸ. ಸಂಜೆ ಮನೆಯಲ್ಲಿ ಅದೇ ಅಗರ್ ಮೇಲೆ ಅದು ಬೆಳೆಯದಂತೆ ನೋಡಿಕೊಳ್ಳುವ ಕೆಲಸ. ಶಿಸ್ತು ಎರಡಕ್ಕೂ ಒಂದೇ.

ಬೀಜ ಮೊಳೆಯಿಸುವ ಒಂದು ಲೀಟರ್ ಅಗರ್ ಮಾಧ್ಯಮಕ್ಕೆ ನನ್ನ ಲೆಕ್ಕ ಇದು: ಸಕ್ಕರೆ 20 ಗ್ರಾಂ, ಅಗರ್ ಪುಡಿ 8 ಗ್ರಾಂ, ಎಳನೀರು 100 ಮಿಲಿಲೀಟರ್, ನೀರಿನಲ್ಲಿ ಕರಗುವ 19:19:19 ಗೊಬ್ಬರ 1 ಗ್ರಾಂ. ಡ್ರಿಪ್‌ಗೆ ಬಿಡಲು ರೈತರು ತರುವ ಗೊಬ್ಬರವೇ ಅದು. ಬೋರ್‌ವೆಲ್ ನೀರು ಬೇಡ. ಪಾವಗಡ, ಸಿರಾ ಕಡೆಯ ನೀರಿನಲ್ಲಿ ಲವಣ, ಫ್ಲೋರೈಡ್ ಎರಡೂ ಜಾಸ್ತಿ. ಊರೂರಲ್ಲಿರುವ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಆಗುತ್ತದೆ. ಪಿಎಚ್ ಪೇಪರ್ ಅದ್ದಿ ನೋಡಿ, 5.5ರ ಆಸುಪಾಸಿಗೆ ತನ್ನಿ. ಹೆಚ್ಚಿದ್ದರೆ ಒಂದೆರಡು ಹನಿ ವಿನೆಗರ್, ಕಡಿಮೆಯಿದ್ದರೆ ಚಿಟಿಕೆ ಅಡುಗೆ ಸೋಡಾ. ಹುಳಿ ತೀರಾ ಹೆಚ್ಚಾದರೆ ಅಗರ್ ಗಟ್ಟಿಯಾಗುವುದಿಲ್ಲ. ಕಾಯಿಸಿ ಕರಗಿಸಿ ಗಾಜಿನ ಜಾಮ್ ಬಾಟಲಿಗಳಿಗೆ ಎರಡು ಬೆರಳು ಎತ್ತರ ಹಾಕಿ, ಮುಚ್ಚಳವನ್ನು ಸಡಿಲವಾಗಿ ಮುಚ್ಚಿ, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಕುಕ್ಕರಿನಲ್ಲಿಟ್ಟು, ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಕುದಿಯುವ ನೀರಿನ 100 ಡಿಗ್ರಿಗೆ ಜಗ್ಗದ ಬ್ಯಾಕ್ಟೀರಿಯಾ ಬೀಜಾಣುಗಳು ಕುಕ್ಕರಿನ ಸುಮಾರು 120 ಡಿಗ್ರಿಯಲ್ಲಿ ಸಾಯುತ್ತವೆ. ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟಬೇಡಿ.

ಕಾಯಿ ಒಡೆಯುವ ಮುಂಚೆ, ಹಸಿರಿರುವಾಗಲೇ ಕೊಯ್ಯಬೇಕು. ಒಡೆಯದ ಕಾಯಿಯ ಒಳಗೆ ಸೋಂಕಿರುವುದಿಲ್ಲ, ಹೊರಮೈ ಮಾತ್ರ ಶುದ್ಧವಾದರೆ ಸಾಕು. ಸೋಪಿನ ನೀರಲ್ಲಿ ಉಜ್ಜಿ ತೊಳೆದು, ನೀರು ಬೆರೆಸಿದ ಬ್ಲೀಚ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಟ್ಟು, ಸ್ಪಿರಿಟ್‌ನಲ್ಲಿ ಅದ್ದಿ, ಜ್ವಾಲೆಗೆ ಕ್ಷಣ ಹಿಡಿಯುತ್ತೇನೆ. ಸ್ಪಿರಿಟ್ ಬಾಟಲಿ ಒಲೆಯಿರುವ ಕೋಣೆಯಲ್ಲೇ ಇರಬಾರದು. ಅದ್ದಿದ ಕೂಡಲೇ ಆಚೆ ಇಟ್ಟು ಬನ್ನಿ.

ಲ್ಯಾಬಿನಲ್ಲಿ ಶುದ್ಧ ಗಾಳಿ ಊದುವ ಯಂತ್ರವಿರುತ್ತದೆ. ಮನೆಯಲ್ಲಿ ಇಡ್ಲಿ ಪಾತ್ರೆ ಇದೆ. ನೀರು ತಳಮಳ ಕುದಿಯುತ್ತಿರಲಿ, ಮೇಲೆ ಜಾಲರಿ ತಟ್ಟೆ, ಅದರ ಮೇಲೆ ಬಾಟಲಿ, ಆಪರೇಷನ್ ಬ್ಲೇಡು, ಚಿಮಟ. ಆವಿ ಮೇಲೇಳುತ್ತಿರುವ ತನಕ ಗಾಳಿಯ ಬೀಜಾಣುಗಳು ಬಾಟಲಿಯೊಳಗೆ ಬೀಳುವುದು ತೀರಾ ಕಡಿಮೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಾಯಿಗೆ ಮಾಸ್ಕ್ ಕಟ್ಟಿ, ಮಾತಾಡದೆ ಕೆಲಸ ಮುಗಿಸಿ. ಕಾಯಿ ಸೀಳಿ, ಬ್ಲೇಡಿನ ತುದಿಯಲ್ಲಿ ಬಂದಷ್ಟು ಬೀಜವನ್ನು ಅಗರ್ ಮೇಲೆ ಹರಡಿ ಮುಚ್ಚಿ. ಒಂದೇ ಬಾಟಲಿಗೆ ಸುರಿಯದೆ ಹತ್ತಾರು ಬಾಟಲಿಗೆ ಹಂಚಿ, ಒಂದು ಕೆಟ್ಟರೆ ಉಳಿದವು ಉಳಿಯುತ್ತವೆ.

ಮೊದಲ ಎರಡು ವಾರ ದಿನಾ ನೋಡಬೇಕು. ಕಪ್ಪು, ಹಸಿರು ಬೂಷ್ಟು ಕಂಡ ಬಾಟಲಿಯನ್ನು ಬಿಚ್ಚದೆ ಹಾಗೇ ಕುಕ್ಕರಿಗೆ ಹಾಕಿ. ಉಳಿದವುಗಳಲ್ಲಿ ಬೀಜ ನಿಧಾನವಾಗಿ ಊದಿಕೊಂಡು, ಹಸಿರು ಕಾಳಾಗುತ್ತದೆ. ಇದಕ್ಕೆ ಪ್ರೋಟೋಕಾರ್ಮ್ ಎನ್ನುತ್ತಾರೆ. ಭೂತಗನ್ನಡಿಯಲ್ಲಿ ಅದರ ಮೇಲೆ ಮೂಡಿದ ಸಣ್ಣ ರೋಮಗಳೂ, ತಿಂಗಳುಗಳ ನಂತರ ಮೊದಲ ಎಲೆಯ ಮೊನೆಯೂ ಕಾಣುತ್ತವೆ. ಈ ಹಂತವನ್ನು ಮಕ್ಕಳಿಗೆ ತೋರಿಸಿ. ಶಾಲೆಯ ಪಾಠದಲ್ಲಿ ಓದಿದ ಭ್ರೂಣ ಎನ್ನುವುದು ಕಣ್ಣೆದುರೇ ಇರುತ್ತದೆ. ಕಾಳುಗಳು ಒತ್ತಾದಾಗ, ಬಾಳೆಹಣ್ಣಿನ ತಿರುಳು ಮತ್ತು ಇದ್ದಿಲ ಪುಡಿ ಸೇರಿಸಿದ ಹೊಸ ಮಾಧ್ಯಮಕ್ಕೆ ಬದಲಿಸಬೇಕು.

ನಮ್ಮಲ್ಲಿ ಭಯ ಬೇಸಿಗೆಯದೇ. ತಿರುಮಣಿಯ ಸೋಲಾರ್ ಪಾರ್ಕ್‌ಗೆ ವರವಾದ ಪಾವಗಡದ ಬಿಸಿಲು ಮುಚ್ಚಿದ ಬಾಟಲಿಗೆ ನೇರವಾಗಿ ಬಿದ್ದರೆ ಸಸಿ ಬೆಂದುಹೋಗುತ್ತದೆ. ಮನೆಯ ನಡುಕೋಣೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಇಡುವುದು ಕ್ಷೇಮ.

ಒಂದು, ಒಂದೂವರೆ ವರ್ಷಕ್ಕೆ ಸಸಿ ಹೊರಬರುತ್ತದೆ. ಬೇರಿಗಂಟಿದ ಅಗರ್ ಪೂರ್ತಿ ತೊಳೆದು, ಇದ್ದಿಲು ಮತ್ತು ಇಟ್ಟಿಗೆ ಚೂರಿನ ಮೇಲೆ ಕೂರಿಸಿ, ಪ್ಲಾಸ್ಟಿಕ್ ಹೊದಿಸಿ, ಹೊರಗಿನ ಗಾಳಿಗೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕು. ಹೂ ಕಾಣಲು ನಾಲ್ಕೈದು ವರ್ಷಕ್ಕಿಂತ ಹೆಚ್ಚೇ ಬೇಕಾಗಬಹುದು. ನರ್ಸರಿಯ ಅಂಗಾಂಶ ಕೃಷಿ ಗಿಡಗಳು ಒಂದೇ ತಾಯಿಯ ನಕಲುಗಳು. ಬೀಜದ ಸಸಿ ಹಾಗಲ್ಲ, ಒಂದೊಂದೂ ಬೇರೆ. ಬರಗಾಲ ಬಂದರೆ ಅವುಗಳಲ್ಲಿ ಕೆಲವಾದರೂ ತಾಳಿಕೊಳ್ಳಬಹುದು. ಹೀಗಾಗಿ ಬೀಜದ ದಾರಿಯೇ ಮೇಲು ಎಂಬುದು ನನ್ನ ನಂಬಿಕೆ.

ಸಿದ್ಧರಬೆಟ್ಟದಿಂದಲೋ ತಿಮ್ಮಲಾಪುರದ ಕಾಡಿನಿಂದಲೋ ಗಿಡ ತರಬೇಡಿ. ಅನುಮತಿಯಿಲ್ಲದೆ ಕಾಡಿನ ಗಿಡ ಕೀಳುವುದು ಅಪರಾಧ. ನಿಮ್ಮದೇ ತೋಟದ ಮರಗಳಲ್ಲಿ ಎರಡು ವಾಂಡಾ ಹೂ ಬಿಟ್ಟಿದ್ದರೆ ಸಾಕು. ಹೂವಿನ ನಡುವಿನ ಕಂಬದ ತುದಿಯ ಟೋಪಿಯನ್ನು ಹಲ್ಲುಕಡ್ಡಿಯಿಂದ ಎತ್ತಿ, ಕಡ್ಡಿಗಂಟುವ ಹಳದಿ ಪರಾಗದ ಗಂಟನ್ನು ಇನ್ನೊಂದು ಗಿಡದ ಹೂವಿನ ಕಂಬದಡಿಯ ಅಂಟು ಗುಳಿಗೆ ಒತ್ತಿ. ಕಾಯಿ ಕಚ್ಚಿದರೆ ತೊಟ್ಟಿಗೆ ದಿನಾಂಕ ಬರೆದ ಚೀಟಿ ಕಟ್ಟಿ, ಕಾಯಿ ಬಲಿಯುವ ತಿಂಗಳುಗಳಲ್ಲಿ ಬಾಟಲಿ ಕೂಡಿಸಿಕೊಳ್ಳಿ.