ಕಾವಲಿನ ಪದರ: ಸಿಲಿಕಾನ್ ಕಣಶೋಧಕಗಳಲ್ಲಿ ಅವಾಹಕ ದ್ರವ್ಯಗಳು

ಸಿಲಿಕಾನ್ ಕಣಶೋಧಕವು ವಿಕಿರಣದಲ್ಲಿ ಸವೆಯುವ ಬಗೆಯನ್ನು ವಿವರಿಸುವಾಗ ಹರಳಿನ ಒಡಲಿಗೆ ಆಗುವ ಹಾನಿಯನ್ನೇ ಮುಖ್ಯವಾಗಿ ಹೇಳುವುದು ರೂಢಿ. ಪರಮಾಣುಗಳು ನೆಲೆ ತಪ್ಪುತ್ತವೆ, ಸೋರುವಿದ್ಯುತ್ತು ಹೆಚ್ಚುತ್ತದೆ, ಸಂಕೇತ ಕುಗ್ಗುತ್ತದೆ. ಹರಳಿನ ಮೈಗೆ ಹೊದಿಸಿದ, ಸುಮಾರು ಒಂದು ಮೈಕ್ರಾನ್ ಅಥವಾ ಅದಕ್ಕಿಂತಲೂ ತೆಳುವಾದ ಅವಾಹಕ ಪದರವು ಇಂತಹ ವಿವರಣೆಗಳಲ್ಲಿ ಹಿನ್ನೆಲೆಗೆ ಸರಿಯುತ್ತದೆ. ಶೋಧಕದ ಆಯುಷ್ಯದಲ್ಲಿ ಈ ಪದರಕ್ಕಿರುವ ಪಾಲನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

1980ರಲ್ಲಿ ಜೋಸೆಫ್ ಕೆಮ್ಮರ್ ಅವರು ಸಮತಲ ತಂತ್ರವನ್ನು ಶೋಧಕಗಳ ತಯಾರಿಕೆಗೆ ಅಳವಡಿಸಿದಂದಿನಿಂದ ಸಿಲಿಕಾನ್ ಡಯಾಕ್ಸೈಡ್ ಈ ಕ್ಷೇತ್ರದ ಪ್ರಧಾನ ಅವಾಹಕವಾಗಿದೆ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆಮ್ಲಜನಕವನ್ನು ಹಾಯಿಸಿದರೆ ಸಿಲಿಕಾನ್ ತನ್ನ ಮೈಯಿಂದಲೇ ಅದನ್ನು ಬೆಳೆಸಿಕೊಳ್ಳುತ್ತದೆ. ಹೊರಗಿನಿಂದ ಹಚ್ಚಿದ ಲೇಪಕ್ಕೆ ಸುಲಭವಾಗಿ ದಕ್ಕದ ಹೊಂದಿಕೆ ಇಲ್ಲಿದೆ. ಕುಶಲಕರ್ಮಿಗಳ ಲೋಕವನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮೇಲ್ಮೈಯನ್ನು ಮುಚ್ಚಿ ರಕ್ಷಿಸುವುದರ ಜೊತೆಗೆ ಸಂಕೇತ ಸಂಗ್ರಹಿಸುವ ಪಟ್ಟಿಗಳನ್ನು ಪರಸ್ಪರ ಬೇರ್ಪಡಿಸುವುದೂ ಅದರ ಕೆಲಸ.

ಅಯಾನೀಕರಿಸುವ ವಿಕಿರಣ ತಾಗಿದಾಗ ಈ ಪದರದೊಳಗೆ ಎಲೆಕ್ಟ್ರಾನ್ ಹಾಗೂ ರಂಧ್ರಗಳ ಜೋಡಿಗಳು ಹುಟ್ಟುತ್ತವೆ. ಚುರುಕಾದ ಎಲೆಕ್ಟ್ರಾನುಗಳು ಬೇಗನೆ ಹೊರಬೀಳುತ್ತವೆ. ಮಂದಗತಿಯ ರಂಧ್ರಗಳಲ್ಲಿ ಹಲವು ಸಿಲಿಕಾನ್ ಗಡಿಯ ಬಳಿ ಸಿಕ್ಕಿಕೊಂಡು ಧನ ಆವೇಶವಾಗಿ ನೆಲೆಸುತ್ತವೆ. ಅವುಗಳ ಸಾಂದ್ರತೆಯು ಚದರ ಸೆಂಟಿಮೀಟರಿಗೆ 10¹²ರ ಆಸುಪಾಸಿಗೆ ಏರಬಲ್ಲದು. ಈ ಆವೇಶವು ಕೆಳಗಿನ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳನ್ನು ಸೆಳೆದು, ಗಡಿಯ ಉದ್ದಕ್ಕೂ ವಾಹಕ ಪೊರೆಯೊಂದನ್ನು ಕಟ್ಟುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಒಪ್ಪುವ ಭೌತಿಕ ನಿದರ್ಶನ ದೊರೆಯುವುದು ಕಷ್ಟ.

ಆದರೆ ಎಲ್ಲ ಶೋಧಕಗಳಲ್ಲೂ ಈ ತೊಡಕು ಒಂದೇ ಬಗೆಯದಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದಲ್ಲಿ 2009ರಲ್ಲಿ ಅಳವಡಿಸಿದ ಪ್ರೀಶವರ್ ಘಟಕಕ್ಕೆ ಭಾಭಾ ಅಣು ಸಂಶೋಧನಾ ಕೇಂದ್ರದ ಸಹಯೋಗದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ 32 ಪಟ್ಟಿಗಳ ಸಂವೇದಕಗಳನ್ನು ತಯಾರಿಸಿತು. ಅವು ‘ಎನ್’ ಮಾದರಿ ಸಿಲಿಕಾನಿನ ಮೇಲೆ ‘ಪಿ’ ಮಾದರಿ ಪಟ್ಟಿಗಳನ್ನು ಹೊಂದಿದ್ದವು. ಅಲ್ಲಿ ಎಲೆಕ್ಟ್ರಾನ್ ಪೊರೆಯು ಪಟ್ಟಿಗಳನ್ನು ಬೆಸೆಯಲಾರದು. ತೀವ್ರ ವಿಕಿರಣದಲ್ಲಿ ‘ಎನ್’ ಸಿಲಿಕಾನ್ ‘ಪಿ’ಯಂತೆ ವರ್ತಿಸತೊಡಗುವುದರಿಂದ, ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಉನ್ನತ ತೀವ್ರತೆಯ ಹಂತಕ್ಕಾಗಿ ‘ಪಿ’ ಸಿಲಿಕಾನಿನ ಮೇಲೆ ‘ಎನ್’ ಪಟ್ಟಿಗಳನ್ನು ಆಯ್ದುಕೊಳ್ಳಲಾಯಿತು. ಒಡಲಿನ ಸಮಸ್ಯೆಗೆ ಕಂಡುಕೊಂಡ ಈ ಪರಿಹಾರವೇ ಮೈಯ ಸಮಸ್ಯೆಯನ್ನು ಉಲ್ಬಣಗೊಳಿಸಿತು. ಇಲ್ಲಿ ಎಲೆಕ್ಟ್ರಾನ್ ಪೊರೆಯು ಒಂದು ಪಟ್ಟಿಯಿಂದ ಮತ್ತೊಂದಕ್ಕೆ ನೇರ ಸೇತುವೆಯಾಗುತ್ತದೆ.

ಪಟ್ಟಿಗಳ ನಡುವೆ ಬೋರಾನ್ ಸೇರಿಸಿ ಪೊರೆಯನ್ನು ತುಂಡರಿಸುವುದು ಪ್ರಚಲಿತ ಉಪಾಯ. ಇದರಿಂದ ತಯಾರಿಕೆಯ ಹಂತಗಳು ಹೆಚ್ಚುತ್ತವೆ. ಬೋರಾನ್ ಪ್ರಮಾಣ ಮಿತಿ ಮೀರಿದರೆ ವಿದ್ಯುತ್ ಕ್ಷೇತ್ರ ಮೊನಚಾಗಿ ಸೋರಿಕೆಗೆ ಎಡೆಯಾಗುತ್ತದೆ. ಅವಾಹಕವನ್ನೇ ಬದಲಿಸುವ ಮಾರ್ಗ ನನಗೆ ಹೆಚ್ಚು ಮೂಲಗಾಮಿಯಾಗಿ ತೋರುತ್ತದೆ. ಒಂದೊಂದೇ ಪರಮಾಣು ಪದರವಾಗಿ ಕೂರಿಸಿದ ಅಲ್ಯೂಮಿನಾವನ್ನು ತಕ್ಕಂತೆ ಕಾಯಿಸಿ ಹದಗೊಳಿಸಿದರೆ ಅದರಲ್ಲಿ ಋಣ ಆವೇಶ ನೆಲೆಸಿ ಎಲೆಕ್ಟ್ರಾನುಗಳನ್ನು ದೂರ ತಳ್ಳುತ್ತದೆ. ಡಯಾಕ್ಸೈಡಿನ ಸಾಪೇಕ್ಷ ಪರಾವೈದ್ಯುತಾಂಕ 3.9 ಇದ್ದರೆ ಇದರದು ಸುಮಾರು 9. ಆದ್ದರಿಂದ ಅಷ್ಟೇ ದಪ್ಪದಲ್ಲಿ ಹೆಚ್ಚಿನ ಧಾರಕತೆ ಲಭಿಸುತ್ತದೆ. ಹೆಲ್ಸಿಂಕಿಯ ಸಂಶೋಧಕರು ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ಆದರೂ ಸಿಎಂಎಸ್‌ನ ಹೊಸ ಹೊರಪಥಶೋಧಕದ ಸಂವೇದಕಗಳಲ್ಲಿ ಪಟ್ಟಿಗಳನ್ನು ಬೇರ್ಪಡಿಸಲು ಆಯ್ದುಕೊಂಡದ್ದು ಬೋರಾನ್ ತಡೆಯನ್ನೇ.