ಕೌಂಟರಿನಾಚೆ ನಿಂತ ಇಬ್ಬರು

ವಿಮಾನದಲ್ಲಿ ಮೂರು ಸೀಟು ಉಳಿದಿದ್ದರೆ ಈ ಓಟದವರ ಪಾಲಿಗೆ ಅದು ಭರ್ತಿಯಾದ ವಿಮಾನವೇ. ಟಿವಿಯಲ್ಲಿ ನಮಗೆ ಕಾಣುವುದು ಬೆನ್ನಿಗೆ ಚೀಲ ಹಾಕಿಕೊಂಡ ಇಬ್ಬರು ಮಾತ್ರ. ಆದರೆ ಕ್ಯಾಮೆರಾದವರೊಬ್ಬರು, ಧ್ವನಿಮುದ್ರಣದವರೊಬ್ಬರು ಸದಾ ಅವರ ಬೆನ್ನಿಗಿರುತ್ತಾರೆ. ಅವರನ್ನು ಬಿಟ್ಟು ಜೋಡಿ ಹೊರಡುವ ಹಾಗಿಲ್ಲ. ಹಾಗಾಗಿ ಏದುಸಿರು ಬಿಡುತ್ತಾ ಕೌಂಟರಿಗೆ ಬಂದವರು ಕೇಳುವುದು ನಾಲ್ಕು ಟಿಕೆಟ್. ಟ್ಯಾಕ್ಸಿ ಹಿಡಿದರೂ ನಾಲ್ಕು ಜನರಿಗೆ ಜಾಗ ಆಗಬೇಕು. ಎಎಕ್ಸ್‌ಎನ್ ಚಾನೆಲ್‌ನಲ್ಲಿ ‘ದಿ ಅಮೇಜಿಂಗ್ ರೇಸ್ ಏಷ್ಯಾ’ ನೋಡಲು ಕೂತವರು ದೇವಸ್ಥಾನ, ಸಮುದ್ರ, ಮಾರುಕಟ್ಟೆಗಳನ್ನು ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಟಿಕೆಟ್ ಕೌಂಟರನ್ನು.

ಅದಕ್ಕೆ ಕಾರಣ ನನ್ನ ಕೆಲಸ. ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ನಾನು ವರ್ಷಗಟ್ಟಲೆ ಟಿಕೆಟಿಂಗ್ ನೋಡಿಕೊಂಡವಳು. ವಿಮಾನಗಳು ಇನ್ನೂ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದ ಕಾಲ. ಟಿಕೆಟ್ ಎಂದರೆ ಕೆಂಪು ಕಾರ್ಬನ್ ಬಳಿದ, ಕೈಗೆ ಬಣ್ಣ ಹತ್ತುವ ಕಾಗದದ ಪುಸ್ತಕ. 2008ರ ಜೂನ್‌ನಿಂದ ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾ ಕಾಗದದ ಟಿಕೆಟ್ ನಿಲ್ಲಿಸಿ ಎಲ್ಲವನ್ನೂ ಇ-ಟಿಕೆಟ್ ಮಾಡಿತು. ಏಷ್ಯಾದ ಈ ಓಟ ಶುರುವಾದದ್ದು ಅದಕ್ಕೂ ಮೊದಲು, 2006ರ ನವೆಂಬರ್‌ನಲ್ಲಿ.

ಮೂಲ ಅಮೆರಿಕದ್ದು. ಬರ್ಟ್ರಾಮ್ ವಾನ್ ಮುನ್‌ಸ್ಟರ್ ಮತ್ತು ಎಲಿಸ್ ಡೊಗಾನಿಯೇರಿ ದಂಪತಿಯ ಕಲ್ಪನೆ ಅದು. ಸಿಬಿಎಸ್ ವಾಹಿನಿಯಲ್ಲಿ 2001ರ ಸೆಪ್ಟೆಂಬರ್ 5ರಂದು ಮೊದಲ ಕಂತು ಬಂತು. ಆರೇ ದಿನಕ್ಕೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು, ವಿಮಾನಯಾನ ಮೊದಲಿನಂತೆ ಉಳಿಯಲಿಲ್ಲ. ಆದರೂ ಕಾರ್ಯಕ್ರಮ ಉಳಿದು ಬೆಳೆಯಿತು. ಐದು ವರ್ಷದ ನಂತರ ಏಷ್ಯಾದ ಜನರಿಗೇ ಎಂದು ಮಾಡಿದ ಆವೃತ್ತಿಗೆ ಅಲನ್ ವೂ ನಿರೂಪಕರಾದರು. ಗೆದ್ದ ಜೋಡಿಗೆ ಒಂದು ಲಕ್ಷ ಅಮೆರಿಕನ್ ಡಾಲರ್. 2006ರಿಂದ 2016ರವರೆಗೆ ಒಟ್ಟು ಐದು ಆವೃತ್ತಿಗಳು ಬಂದವು.

ಆಟದ ಕ್ರಮ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಬ್ಬರಿಗೊಬ್ಬರು ಮೊದಲೇ ಗೊತ್ತಿರುವ ಇಬ್ಬರು ಸೇರಿ ಒಂದು ತಂಡ: ಗಂಡ-ಹೆಂಡತಿ, ಅಪ್ಪ-ಮಗಳು, ಅಕ್ಕ-ತಂಗಿ, ಗೆಳೆಯರು. ಸುಮಾರು ಹತ್ತು ತಂಡಗಳು ಒಟ್ಟಿಗೆ ಹೊರಡುತ್ತವೆ. ಕೈಗೆ ಸಿಗುವ ಲಕೋಟೆಯಲ್ಲಿ ಮುಂದಿನ ಊರಿನ ಸುಳಿವು ಇರುತ್ತದೆ. ಖರ್ಚಿಗೆ ಲೆಕ್ಕದ ದುಡ್ಡು. ದಾರಿಯಲ್ಲಿ ಎರಡು ಬಗೆಯ ಪರೀಕ್ಷೆಗಳು ಮುಖ್ಯ. ಒಂದು ‘ಡೀಟೂರ್’, ಕೊಟ್ಟ ಎರಡು ಕೆಲಸಗಳಲ್ಲಿ ಒಂದನ್ನು ಆರಿಸಿಕೊಂಡು ಇಬ್ಬರೂ ಸೇರಿ ಮಾಡುವುದು. ಇನ್ನೊಂದು ‘ರೋಡ್‌ಬ್ಲಾಕ್’, ಇಬ್ಬರಲ್ಲಿ ಒಬ್ಬರೇ ಮಾಡಬೇಕಾದದ್ದು. ಯಾರು ಮಾಡುವುದು ಎಂದು ನಿರ್ಧರಿಸಿದ ಮೇಲಷ್ಟೇ ಕೆಲಸ ಏನೆಂದು ತಿಳಿಯುತ್ತದೆ. ಆ ದಿನದ ಹಾದಿ ಮುಗಿಯುವ ಜಾಗ ‘ಪಿಟ್ ಸ್ಟಾಪ್’. ಅಲ್ಲಿ ಹಾಸಿದ ಚಾಪೆಯ ಮೇಲೆ ಕೊನೆಗೆ ಕಾಲಿಟ್ಟ ಜೋಡಿ ಹೆಚ್ಚಿನ ಸಲ ಮನೆಗೆ ಹೋಗುತ್ತದೆ. ಮಿಕ್ಕವರು ಬಂದ ಹೊತ್ತಿನ ಲೆಕ್ಕದಲ್ಲೇ ಮರಳಿ ಹೊರಡುತ್ತಾರೆ. ಹತ್ತು ನಿಮಿಷ ಮೊದಲು ಬಂದವರಿಗೆ ಹತ್ತು ನಿಮಿಷ ಮೊದಲು ಹೊರಡುವ ಹಕ್ಕು.

ಈ ಹತ್ತು ನಿಮಿಷಕ್ಕೆ ನಿಜವಾದ ಬೆಲೆ ಬರುವುದು ವಿಮಾನ ನಿಲ್ದಾಣದಲ್ಲಿ. ಏಷ್ಯಾದ ನಕ್ಷೆಯಲ್ಲಿ ಅಕ್ಕಪಕ್ಕ ಕಾಣುವ ಊರುಗಳ ನಡುವೆ ನೇರ ವಿಮಾನ ಇರುತ್ತದೆ ಎಂದು ನಂಬುವಂತಿಲ್ಲ. ಸಿಂಗಪುರ, ಬ್ಯಾಂಕಾಕ್, ಕೌಲಾಲಂಪುರ, ಹಾಂಗ್‌ಕಾಂಗ್, ದುಬೈ ಇವು ದೊಡ್ಡ ಜಂಕ್ಷನ್‌ಗಳು. ಸಣ್ಣ ಊರಿನಿಂದ ಸಣ್ಣ ಊರಿಗೆ ಹೋಗಲು ಇವುಗಳಲ್ಲಿ ಒಂದನ್ನು ಹಾಯ್ದೇ ಹೋಗಬೇಕು. ಆಗೆಲ್ಲ ಬೆಂಗಳೂರಿನಿಂದ ಬಾಲಿಗೆ ಹೊರಟ ಹೊಸ ಮದುವೆಯ ಜೋಡಿಗಳು ಸಿಂಗಪುರದಲ್ಲೋ ಕೌಲಾಲಂಪುರದಲ್ಲೋ ಇಳಿದು ಹತ್ತುತ್ತಿದ್ದರು. “ಮೇಡಂ, ಬೇಗ ಹೊರಡೋ ಫ್ಲೈಟೇ ಕೊಡಿ” ಎಂದು ಕೇಳುವವರಿಗೆ ನಾನು ಹೇಳುತ್ತಿದ್ದ ಮಾತೊಂದೇ: “ಯಾವಾಗ ಹೊರಡತ್ತೆ ಅಂತ ನೋಡಬೇಡಿ ಸಾರ್, ಯಾವಾಗ ತಲುಪತ್ತೆ ನೋಡಿ.”

ಓಟದಲ್ಲಿ ಗೆಲ್ಲುವವರಿಗೂ ಸೋಲುವವರಿಗೂ ಇರುವ ಅಂತರ ಬಹಳ ಸಲ ಇಷ್ಟೇ. ಮೊದಲು ಕೌಂಟರಿಗೆ ಬಂದವರು ಸಿಕ್ಕ ಮೊದಲ ವಿಮಾನ ಹತ್ತಿ ಖುಷಿಯಾಗಿ ಕೂರುತ್ತಾರೆ. ಹಿಂದೆ ಬಂದವರು ಇನ್ನೊಂದು ಸಂಸ್ಥೆಯ ಕೌಂಟರಿಗೆ ಹೋಗಿ, ಬೇರೆ ಜಂಕ್ಷನ್ ಮೂಲಕ ಹೋದರೆ ಹೇಗೆ ಎಂದು ವಿಚಾರಿಸುತ್ತಾರೆ, ತಡವಾಗಿ ಹೊರಟು ಬೇಗ ತಲುಪುತ್ತಾರೆ. ಅದರಲ್ಲಿ ಅಪಾಯವೂ ಇದೆ. ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತಲು ಪ್ರತಿ ನಿಲ್ದಾಣದಲ್ಲೂ ಇಂತಿಷ್ಟು ಹೊತ್ತು ಬೇಕೇ ಬೇಕು ಎಂಬ ನಿಯಮವಿದೆ. ಅದಕ್ಕಿಂತ ಕಡಿಮೆ ಬಿಡುವಿದ್ದರೆ ಕಂಪ್ಯೂಟರ್ ಆ ಎರಡು ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ಜೋಡಿಸಿಕೊಡುವುದಿಲ್ಲ. ಬೇರೆ ಬೇರೆ ಟಿಕೆಟ್ ಕೊಂಡು ಓಡಿದವರ ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ವೇಟಿಂಗ್ ಲಿಸ್ಟಿನ ಸಂಕಟವೂ ಇದೆ. ನಾಲ್ವರ ಹೆಸರನ್ನು ಒಂದೇ ಬುಕಿಂಗ್‌ನಲ್ಲಿ ಸೇರಿಸಿದರೆ ನಾಲ್ಕೂ ಸೀಟು ಒಟ್ಟಿಗೆ ಖಾಲಿಯಾಗಬೇಕು. ಇಬ್ಬಿಬ್ಬರಂತೆ ಬಿಡಿಸಿ ಹಾಕಿದರೆ ಸಿಗುವ ಸಾಧ್ಯತೆ ಹೆಚ್ಚು, ಆದರೆ ಇಬ್ಬರಿಗೆ ಸಿಕ್ಕಿ ಇಬ್ಬರಿಗೆ ಸಿಗದೆ ಹೋದರೆ ಪ್ರಯೋಜನವಿಲ್ಲ. ಕೌಂಟರಿನ ಈಚೆ ಕೂತವರಿಗೆ ಇದೆಲ್ಲ ದಿನನಿತ್ಯದ ಗಣಿತ. ಆಚೆ ನಿಂತವರಿಗೆ ಅದೇ ಜೀವನ್ಮರಣದ ಪ್ರಶ್ನೆ.

ಇಷ್ಟು ಕಷ್ಟಪಟ್ಟು ಗಳಿಸಿದ ಐದಾರು ಗಂಟೆ ಒಮ್ಮೊಮ್ಮೆ ಬೀಗ ಹಾಕಿದ ಬಾಗಿಲ ಮುಂದೆ ಕರಗುತ್ತದೆ. ಮುಂದಿನ ಸುಳಿವು ಇರುವ ಕೋಟೆಯೋ ಮ್ಯೂಸಿಯಮ್ಮೋ ತೆರೆಯುವುದು ಬೆಳಿಗ್ಗೆ ಒಂಬತ್ತಕ್ಕೆ. ಮಧ್ಯರಾತ್ರಿ ಬಂದವರು, ಮುಂಜಾನೆ ಬಂದವರು ಎಲ್ಲರೂ ಅದೇ ಮೆಟ್ಟಿಲ ಮೇಲೆ ಕಾಯುತ್ತಾ ಕೂರುತ್ತಾರೆ. ಮುಂದಿದ್ದವರಿಗೆ ಅನ್ಯಾಯ ಎಂದು ಹಲವರ ದೂರು. ನಾನು ಒಪ್ಪುವುದಿಲ್ಲ. ಒಂದು ತಂಡ ಒಂದು ದಿನ ಮುಂದೆ ಹೋಗಿಬಿಟ್ಟರೆ ಓಟವೇ ಸತ್ತುಹೋಗುತ್ತದೆ. ಬಿದ್ದವರಿಗೂ ಏಳಲು ಒಂದು ಬೆಳಗು ಸಿಗಬೇಕು.

ಇನ್ನು ಜೋಡಿಗಳ ವಿಷಯ. ಏಷ್ಯಾದ ಮೊದಲ ಆವೃತ್ತಿ ಗೆದ್ದವರು ಮಲೇಷ್ಯಾದ ಜಬ್ರಿನಾ ಫರ್ನಾಂಡಿಸ್ ಮತ್ತು ಜೋ ಜೆರ್ ಟೀ, ಇಬ್ಬರು ಗೆಳತಿಯರು. ಇದನ್ನು ನಾನು ಒತ್ತಿ ಹೇಳಬೇಕು. ಅಮೆರಿಕದ ಮೂಲ ಓಟದಲ್ಲಿ ಹೆಣ್ಣುಮಕ್ಕಳ ಜೋಡಿಯೊಂದು ಗೆಲ್ಲಲು 17ನೇ ಆವೃತ್ತಿವರೆಗೆ, ಅಂದರೆ 2010ರವರೆಗೆ ಕಾಯಬೇಕಾಯಿತು. ಏಷ್ಯಾದಲ್ಲಿ ಅದು ಮೊದಲ ಸಲವೇ ಆಯಿತು. ಹೆಣ್ಣುಮಕ್ಕಳು ಒಬ್ಬರೇ ದೂರ ಹೋಗುವುದು ಬೇಡ ಎಂದು ಟಿಕೆಟ್ ರದ್ದು ಮಾಡಿಸಲು ಬಂದ ತಂದೆಯರನ್ನು ನಾನು ನನ್ನ ಮೇಜಿನ ಮುಂದೆ ನೋಡಿದ್ದೇನೆ. ಆ ಕಾಲದಲ್ಲಿ ಇಬ್ಬರು ಹೆಂಗಸರು ಖಂಡವನ್ನೇ ಹಾಯ್ದು ಎಲ್ಲರಿಗಿಂತ ಮೊದಲು ಚಾಪೆ ಮುಟ್ಟಿದರು. 2016ರ ಐದನೇ ಆವೃತ್ತಿಯನ್ನೂ ಗೆದ್ದವರು ಹೆಂಗಸರೇ, ಫಿಲಿಪೀನ್ಸ್‌ನ ಪಾರುಲ್ ಶಾ ಮತ್ತು ಮ್ಯಾಗಿ ವಿಲ್ಸನ್. ಪಾರುಲ್‌ಗೆ ಭಾರತೀಯ ಮೂಲವೂ ಇದೆ. ಅವರಿಬ್ಬರೂ ಸೌಂದರ್ಯ ಸ್ಪರ್ಧೆಗಳ ಕಿರೀಟ ಧರಿಸಿದವರು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಜೋಡಿ ಎರಡನೇ ಆವೃತ್ತಿಯದು: ಸಿಂಗಪುರದ ಆಡ್ರಿಯನ್ ಯಾಪ್ ಮತ್ತು ಕಾಲಿನ್ ಲೋ. ಆಡ್ರಿಯನ್‌ಗೆ ಕಿವಿ ಕೇಳಿಸುವುದಿಲ್ಲ. ಅವಸರದಲ್ಲಿ ಒಬ್ಬರ ಮೇಲೊಬ್ಬರು ಕೂಗಾಡುವುದೇ ಈ ಆಟದಲ್ಲಿ ಜೋಡಿಗಳು ಮುರಿಯುವ ರೀತಿ. ಇವರಿಬ್ಬರು ಮಾತಾಡಬೇಕಾದರೆ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು, ಒಬ್ಬರು ಇನ್ನೊಬ್ಬರನ್ನು ನೋಡಬೇಕು. ಹಾಗೆ ನಿಂತು ಮಾತಾಡಿದವರೇ ಗೆದ್ದರು. ಅಮೆರಿಕದ ಓಟಕ್ಕೆ ಕಿವಿ ಕೇಳದ ಸ್ಪರ್ಧಿ ಮೊದಲ ಸಲ ಬಂದದ್ದು 2009ರಲ್ಲಿ, ತಾಯಿಯ ಜೊತೆ ಓಡಿದ ಲ್ಯೂಕ್ ಆ್ಯಡಮ್ಸ್. ಅಷ್ಟು ಹೊತ್ತಿಗೆ ಏಷ್ಯಾದಲ್ಲಿ ಅಂಥವರೊಬ್ಬರು ಗೆದ್ದೇ ಆಗಿತ್ತು. ಮೂರನೆಯದನ್ನು ಹಾಂಗ್‌ಕಾಂಗ್‌ನ ಜೋಡಿಯೂ ನಾಲ್ಕನೆಯದನ್ನು ಫಿಲಿಪೀನ್ಸ್‌ನ ಜೋಡಿಯೂ ಗೆದ್ದವು. ಭಾರತದ ತಂಡ ಒಮ್ಮೆಯೂ ಗೆಲ್ಲಲಿಲ್ಲ.

ಭಾರತವೇನೋ ಈ ಓಟಗಳ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಮೊದಲ ಆವೃತ್ತಿಯೇ ತಾಜ್‌ಮಹಲಿಗೆ ಬಂದಿತ್ತು. 2011ರಲ್ಲಿ ಕೋಲ್ಕತ್ತಾದಲ್ಲಿ ಕೊಟ್ಟ ಪರೀಕ್ಷೆ ನನಗೆ ಬಹಳ ಹಿಡಿಸಿತು. ಮೊದಲೇ ಕುಡಿಸಿದ್ದ ಚಹಾದ ರುಚಿಯನ್ನು ನೆನಪಿನಲ್ಲಿಟ್ಟುಕೊಂಡು, ಸಾಲಾಗಿ ಜೋಡಿಸಿದ ಬಟ್ಟಲುಗಳಲ್ಲಿ ಅದೇ ಚಹಾವನ್ನು ಕುಡಿದು ಕುಡಿದು ಪತ್ತೆ ಹಚ್ಚಬೇಕು. ಓಡಿ ಬಂದವರಿಗೆ ನಿಂತು ಸವಿಯುವ ಶಿಕ್ಷೆ. ಊರಿನ ಕಸುಬೊಂದನ್ನು ಹೀಗೆ ಗೌರವದಿಂದ ತೋರಿಸಿದಾಗ ಕಾರ್ಯಕ್ರಮ ಚೆನ್ನಾಗಿರುತ್ತದೆ. ಬರೀ ಗದ್ದಲ, ಕೊಳಕು, ಜನಜಂಗುಳಿ ತೋರಿಸಿ ಮುಗಿಸಿದ ಕಂತುಗಳೂ ಇವೆ. ಅವು ನನಗೆ ನೋವು ಕೊಟ್ಟಿವೆ.

ಕೋವಿಡ್ ಈ ಓಟವನ್ನು ನಡುದಾರಿಯಲ್ಲಿ ನಿಲ್ಲಿಸಿತು. 2020ರ ಫೆಬ್ರವರಿ ಕೊನೆಯಲ್ಲಿ ಅಮೆರಿಕದ 33ನೇ ಆವೃತ್ತಿಯ ಚಿತ್ರೀಕರಣ ನಿಂತಿತು, ತಂಡಗಳು ಮನೆಗೆ ಮರಳಿದವು. ಮರುವರ್ಷ ಮುಂದುವರಿಸಿದಾಗ ಎಲ್ಲರಿಗೂ ಸೇರಿ ಒಂದೇ ಬಾಡಿಗೆ ವಿಮಾನ. ಕೌಂಟರ್ ಇಲ್ಲ, ವೇಟಿಂಗ್ ಲಿಸ್ಟ್ ಇಲ್ಲ, ಗೋಗರೆಯುವುದಿಲ್ಲ. ಮುಂದಿನ ಆವೃತ್ತಿಯೂ ಹಾಗೆಯೇ. ಜನರ ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ, ಆದರೆ ಓಟದ ಅರ್ಧ ಜೀವ ಹೋಗಿತ್ತು. 2023ರ 35ನೇ ಆವೃತ್ತಿಯಲ್ಲಿ ಸ್ಪರ್ಧಿಗಳು ಮತ್ತೆ ಸಾಮಾನ್ಯ ಪ್ರಯಾಣಿಕರ ಜೊತೆ ಹಾರಿದರು. ಥಾಯ್ಲೆಂಡ್, ವಿಯೆಟ್ನಾಂ ದಾಟಿ ನಮ್ಮ ಜೈಪುರಕ್ಕೂ ಬಂದರು.

ವಿಮಾನದ ಟಿಕೆಟ್ ಮಾರಿ ಬದುಕಿದ ನನಗೆ ಇತ್ತೀಚೆಗೆ ಹೆಚ್ಚು ಹಿಡಿಸಿರುವುದು ವಿಮಾನವೇ ಇಲ್ಲದ ಓಟ. ಬಿಬಿಸಿಯ ‘ರೇಸ್ ಅಕ್ರಾಸ್ ದ ವರ್ಲ್ಡ್’ನಲ್ಲಿ ಇಬ್ಬಿಬ್ಬರ ಐದು ಜೋಡಿಗಳಿರುತ್ತವೆ. ಫೋನ್ ಇಲ್ಲ, ಬ್ಯಾಂಕ್ ಕಾರ್ಡ್ ಇಲ್ಲ. ಅಷ್ಟು ದೂರಕ್ಕೆ ವಿಮಾನದ ಟಿಕೆಟ್ ಎಷ್ಟಾಗುತ್ತದೋ ಅಷ್ಟೇ ದುಡ್ಡು ಕೈಯಲ್ಲಿ. ಬಸ್ಸು, ರೈಲು, ದೋಣಿಗಳಲ್ಲಿ ವಾರಗಟ್ಟಲೆ ಸಾಗಬೇಕು. ದುಡ್ಡು ಸಾಲದಿದ್ದರೆ ದಾರಿಯಲ್ಲಿ ಹೊಲದಲ್ಲೋ ಹೋಟೆಲಿನಲ್ಲೋ ದುಡಿದು ಸಂಪಾದಿಸಬೇಕು. 2019ರ ಮೊದಲ ಆವೃತ್ತಿ ಲಂಡನ್‌ನಿಂದ ಸಿಂಗಪುರಕ್ಕೆ. 2024ರದ್ದು ಜಪಾನಿನ ಸಪ್ಪೊರೊದಿಂದ ಇಂಡೋನೇಷ್ಯಾದ ಲೊಂಬೊಕ್ ದ್ವೀಪಕ್ಕೆ. 2025ರದ್ದು ಚೀನಾದ ಮಹಾಗೋಡೆಯಿಂದ ಹೊರಟು, ನೇಪಾಳ ಹಾಯ್ದು, ಕನ್ಯಾಕುಮಾರಿಯಲ್ಲಿ ಮುಗಿಯಿತು. 14,000 ಕಿಲೋಮೀಟರಿಗೂ ಹೆಚ್ಚಿನ ಹಾದಿ. ಗೆದ್ದವರು ತಾಯಿ ಮತ್ತು ಮಗ, ಕ್ಯಾರೊಲಿನ್ ಮತ್ತು ಟಾಮ್ ಬ್ರಿಜ್. ಬಹುಮಾನ 20,000 ಪೌಂಡ್.

ಫೋನ್ ಕಿತ್ತುಕೊಂಡರೆ ಮನುಷ್ಯರಿಗೆ ಉಳಿಯುವುದು ಎದುರಿಗೆ ಸಿಕ್ಕ ಇನ್ನೊಬ್ಬ ಮನುಷ್ಯ. ಬಸ್ ನಿಲ್ದಾಣದಲ್ಲಿ ಭಾಷೆ ಬಾರದೆ ನಿಂತ ಇಬ್ಬರಿಗೆ ಯಾರೋ ಚೀಟಿಯ ಮೇಲೆ ಊರಿನ ಹೆಸರು ಬರೆದುಕೊಡುತ್ತಾರೆ, ಟ್ಯಾಕ್ಸಿಯವರು ತಮ್ಮ ಫೋನಿನಿಂದಲೇ ಕರೆ ಮಾಡಿ ದಾರಿ ವಿಚಾರಿಸುತ್ತಾರೆ. ಅವರ ಹೆಸರು ಕೊನೆಯಲ್ಲಿ ಬರುವುದಿಲ್ಲ, ಬಹುಮಾನದಲ್ಲಿ ಪಾಲೂ ಇಲ್ಲ. ಕೌಂಟರಿನಲ್ಲಿ ಕೂತ ಅನುಭವದಿಂದ ಹೇಳುತ್ತೇನೆ: “ನಮಸ್ಕಾರ, ಸ್ವಲ್ಪ ಸಹಾಯ ಆಗಬಹುದಾ?” ಎಂದು ಕೇಳಿದವರಿಗೆ ನಾವು ಹತ್ತು ದಾರಿ ಹುಡುಕುತ್ತಿದ್ದೆವು. ಮೇಜು ಕುಟ್ಟಿದವರಿಗೆ ಪರದೆಯ ಮೇಲೆ ಕಂಡಷ್ಟನ್ನೇ ಓದಿ ಹೇಳುತ್ತಿದ್ದೆವು. ಈ ಓಟಗಳನ್ನು ಗಮನವಿಟ್ಟು ನೋಡಿ, ಸುಸ್ತಾದಾಗಲೂ ಅಪರಿಚಿತರ ಹತ್ತಿರ ಸೌಜನ್ಯ ಕಳೆದುಕೊಳ್ಳದ ಜೋಡಿಗಳು ಬಹಳ ದೂರ ಹೋಗುತ್ತವೆ.

ಕನ್ನಡದಲ್ಲಿ 2013ರಿಂದ ‘ಬಿಗ್ ಬಾಸ್’ ಇದೆ. ಅದರಲ್ಲಿ ಬಾಗಿಲು ಮುಚ್ಚಿ ಜನರನ್ನು ಒಳಗಿಡುತ್ತಾರೆ. ಬಾಗಿಲು ತೆರೆದು ಹೊರಗೆ ಕಳಿಸುವ ಒಂದು ಕಾರ್ಯಕ್ರಮವನ್ನೂ ನಮ್ಮ ವಾಹಿನಿಗಳು ಮಾಡಬೇಕು. ಇದಕ್ಕೆ ಖಂಡ ಹಾಯಬೇಕಿಲ್ಲ, ಕೋಟಿಗಟ್ಟಲೆ ಸುರಿಯಬೇಕಿಲ್ಲ. ಬೀದರ್‌ನಿಂದ ಚಾಮರಾಜನಗರಕ್ಕೆ, ಕಾರವಾರದಿಂದ ಕೋಲಾರಕ್ಕೆ, ಸಾರಿಗೆ ಸಂಸ್ಥೆಗಳ ಬಸ್ಸು ಮತ್ತು ಪ್ಯಾಸೆಂಜರ್ ರೈಲಿನಲ್ಲಿ, ಫೋನ್ ಇಲ್ಲದೆ ಇಬ್ಬಿಬ್ಬರನ್ನು ಕಳಿಸಲಿ. ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳ ಜೋಡಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೇ ಇರುವುದಿಲ್ಲ, ನಿಯಮ ಬರೆಯುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂರಿಸಲಿ, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚಿಸಲಿ, ಮಲ್ಪೆಯಲ್ಲಿ ಬಲೆ ಎಳೆಸಲಿ. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ ಎರಡನ್ನೂ ಕೇಳಿ ಅರ್ಥ ಮಾಡಿಕೊಂಡು ದಾರಿ ಹುಡುಕಲಿ. ವಾಹಿನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ. ಬಸ್ಸಿನ ವೇಳಾಪಟ್ಟಿ ಜೋಡಿಸಿಕೊಡಲು ಜನ ಬೇಕಾದರೆ ನಾನು ಸಿದ್ಧಳಿದ್ದೇನೆ.