ದೇವದೂತರ ನಗರದಲ್ಲಿ ಭಾರತದ ಕತರೀನ

ಮೆಕ್ಸಿಕೋ ದೇಶದ ರಾಜಧಾನಿಯಿಂದ ಆಗ್ನೇಯಕ್ಕೆ ಸುಮಾರು ಎರಡು ಗಂಟೆಗಳ ಪ್ರಯಾಣ. ಹೊಗೆಯುಗುಳುವ ಪೊಪೊಕಾತೆಪೆತ್ಲ್ ಜ್ವಾಲಾಮುಖಿಯ ನೆರೆಯಲ್ಲಿ ಪುಯೆಬ್ಲಾ ನಗರವಿದೆ. ಸ್ಪೇನಿನವರು 1531ರಲ್ಲಿ ಕಟ್ಟಿದ ಈ ನಗರದ ಬೀದಿಗಳನ್ನು ದೇವದೂತರೇ ಹಗ್ಗ ಹಿಡಿದು ಅಳೆದುಕೊಟ್ಟರೆಂಬುದು ಐತಿಹ್ಯ. ಆದುದರಿಂದಲೇ ಅದಕ್ಕೆ ದೇವದೂತರ ನಗರವೆಂಬ ಹೆಸರು.

ಅಲ್ಲಿ ನೋಡತಕ್ಕವುಗಳಿಗೆ ಕೊರತೆಯಿಲ್ಲ. 1649ರಲ್ಲಿ ಪ್ರಧಾನಾಲಯವನ್ನು ಪ್ರತಿಷ್ಠಿಸಿದ ಧರ್ಮಾಧ್ಯಕ್ಷ ಹ್ವಾನ್ ದೆ ಪಲಾಫೋಕ್ಸರು, ಅದಕ್ಕೂ ಮೂರು ವರ್ಷ ಮೊದಲು ತಮ್ಮ ಸ್ವಂತದ 5,000 ಗ್ರಂಥಗಳನ್ನಿತ್ತು ಸ್ಥಾಪಿಸಿದ ಗ್ರಂಥಾಲಯ ಇಂದಿಗೂ ಉಳಿದಿದೆ. ಧರ್ಮಸಭೆ 2011ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿತು. ಸಂತ ದೊಮಿನಿಕರ ದೇವಾಲಯದಲ್ಲಿ 1690ರ ಜಪಸರ ಮಾತೆಯ ಉಪಾಲಯವಂತೂ ಅಡಿಯಿಂದ ಮುಡಿಯವರೆಗೆ ಚಿನ್ನದ ಲೇಪ. ಕಣ್ಣಿಗೆ ವಿಶ್ರಮಿಸಲು ಎಡೆಯೇ ಇಲ್ಲ.

ಆದರೆ ಭಾರತದ ಕ್ರೈಸ್ತರಾದ ನಾವು ತಡೆದು ನಿಲ್ಲಬೇಕಾದುದು ಯೇಸುಸಭೆಯ ದೇವಾಲಯದ ಸಕ್ರಿಸ್ತಿಯಲ್ಲಿ. ಕತರೀನ ದೆ ಸಾನ್ ಹ್ವಾನ್ ಎಂಬಾಕೆಯ ಸಮಾಧಿಯೆಂದು ತೋರಿಸುವ ಸ್ಥಳ ಅಲ್ಲಿದೆ. ಚರಿತ್ರಕಾರರ ಪ್ರಕಾರ ಆಕೆ ಹುಟ್ಟಿದ್ದು ಮೊಗಲರ ನಾಡಿನಲ್ಲಿ. ಮೊದಲ ಹೆಸರು ಮಿರ್ರಾ. ಬಾಲ್ಯದಲ್ಲೇ ಪೋರ್ಚುಗೀಸ್ ಕಡಲ್ಗಳ್ಳರು ಅಪಹರಿಸಿದರು. ಕೊಚ್ಚಿಯಲ್ಲಿ ಯೇಸುಸಭೆಯ ಗುರುಗಳು ದೀಕ್ಷಾಸ್ನಾನವಿತ್ತರು. ಮನಿಲಾದಲ್ಲಿ ಮಾರಾಟವಾದಳು. ಅಲ್ಲಿಂದ ಹಡಗಿನಲ್ಲಿ ಅಕಾಪುಲ್ಕೋ ರೇವಿಗೆ ಬಂದು, ಪುಯೆಬ್ಲಾದ ಮಿಗೆಲ್ ದೆ ಸೋಸಾ ಎಂಬವನ ಮನೆಯ ದಾಸಿಯಾದಳು. ಮುಂದೆ ಬಿಡುಗಡೆ ಹೊಂದಿ, ಬಡತನದಲ್ಲೂ ಪ್ರಾರ್ಥನೆಯಲ್ಲೂ ದೀರ್ಘಕಾಲ ಬಾಳಿದಳು.

ದೀಕ್ಷಾಸ್ನಾನದ ನೀರು ಆಕೆಯ ಹಣೆಯನ್ನು ತೋಯಿಸಿತು, ಸಂಕೋಲೆಯನ್ನು ಸಡಿಲಿಸಲಿಲ್ಲ. ಆಕೆಯ ಸೆರೆಯೇ ದೇವಸಂಕಲ್ಪವೆಂದು ಭಕ್ತ ಚರಿತ್ರಕಾರರು ಬರೆದರು. ತತ್ವಶಾಸ್ತ್ರವನ್ನು ಓದಿದ ನನಗೆ ಈ ಮಾತು ಒಪ್ಪಿಗೆಯಾಗದು. ಕೆಡುಕಿನಿಂದ ದೇವರು ಒಳಿತನ್ನು ತೆಗೆಯಬಲ್ಲರೆಂಬುದು ಸಂತ ಅಗಸ್ಟೀನರ ಬೋಧನೆ. ಆದರೆ ಆ ಬೋಧನೆ ಕಳ್ಳನ ಅಪರಾಧವನ್ನೂ ಕೊಂಡವನ ಅಪರಾಧವನ್ನೂ ದೇವರ ಲೆಕ್ಕಕ್ಕೆ ಬರೆಯುವುದಿಲ್ಲ. ಆ ದ್ವೀಪಾಂತರದ ದಾಸರ ಬಿಡುಗಡೆಗೆ ಸ್ಪೇನಿನ ಅರಸೊತ್ತಿಗೆಯ ಆಜ್ಞೆ ಹೊರಟದ್ದು 1672ರಲ್ಲಿ. ಅಷ್ಟರಲ್ಲಿ ಕತರೀನ ಮುದುಕಿ.

1688ರ ಜನವರಿ 5ರಂದು ಆಕೆ ತೀರಿಕೊಂಡಾಗ ಇಡೀ ನಗರವೇ ನೆರೆಯಿತು. ಸ್ಮಾರಕವಾಗಿ ಆಕೆಯ ವಸ್ತ್ರದ ತುಣುಕಿಗಾಗಿ ಜನ ಮುಗಿಬಿದ್ದರಂತೆ. ಆಕೆಯ ಪಾಪನಿವೇದನೆಯನ್ನು ಕೇಳುತ್ತಿದ್ದ ಗುರು ಅಲೋನ್ಸೋ ರಾಮೋಸರು ಆಕೆ ಕಂಡ ದರ್ಶನಗಳನ್ನೆಲ್ಲ ಸೇರಿಸಿ ಮೂರು ಸಂಪುಟಗಳ ಚರಿತ್ರೆ ಪ್ರಕಟಿಸಿದರು. (ಒಬ್ಬ ಪಾಪನಿವೇದನಾ ಗುರು ಇಷ್ಟು ವಿಸ್ತಾರವಾಗಿ ಬರೆಯುವುದು ಉಚಿತವೇ ಎಂದು ಈ ಕಾಯಕದಲ್ಲಿರುವ ನನಗೆ ಅನ್ನಿಸದಿರದು.) ಧರ್ಮವಿಚಾರಣಾ ಮಂಡಳಿ 1691ರಲ್ಲಿ ಆಕೆಯ ಚಿತ್ರಪಟಗಳನ್ನು ನಿಷೇಧಿಸಿತು, 1696ರಲ್ಲಿ ಮೆಕ್ಸಿಕೋದಲ್ಲಿ ಆ ಗ್ರಂಥವೂ ನಿಷಿದ್ಧವಾಯಿತು. ಸಂತಪದವಿಯ ಮಾತು ಅಲ್ಲಿಗೇ ನಿಂತಿತು.

ಜನರು ಮಾತ್ರ ಮರೆಯಲಿಲ್ಲ, ತಮ್ಮದೇ ರೀತಿಯಲ್ಲಿ ನೆನೆದರು. ಏಷ್ಯದಿಂದ ಬಂದವರೆಲ್ಲರೂ ಆ ಕಾಲದ ಮೆಕ್ಸಿಕೋದವರಿಗೆ 'ಚೀನ'ದವರೇ. ಹೀಗಾಗಿ ಆಕೆ 'ಚೀನಾ ಪೊಬ್ಲಾನಾ', ಅರ್ಥಾತ್ ಪುಯೆಬ್ಲಾದ ಚೀನೀ ಹೆಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಸಿದ್ಧವಾದ, ಥಳಥಳಿಸುವ ಲಂಗದ ಮೆಕ್ಸಿಕೋ ಉಡುಪಿಗೂ ಅದೇ ಹೆಸರು. ಆ ಉಡುಪನ್ನು ಆಕೆ ತಂದಳೆಂಬ ಕಥೆ ನಿಲ್ಲುವಂಥದಲ್ಲ. ಚರಿತ್ರೆಯ ಕತರೀನ ತೊಟ್ಟದ್ದು ಸಾದಾ ಬಟ್ಟೆ.

ಪುಯೆಬ್ಲಾಕ್ಕೆ ಹೋಗುವ ಅವಕಾಶ ದೊರೆತವರು ಚಿನ್ನದ ಉಪಾಲಯವನ್ನು ಕಂಡ ಮೇಲೆ ಆ ಸಕ್ರಿಸ್ತಿಯನ್ನೂ ವಿಚಾರಿಸಿರಿ. ಅಲ್ಲಿ ಒಂದು 'ನಮೋ ಮರಿಯಾ' ಹೇಳುವಾಗ ಮಿರ್ರಾ ಎಂಬ ಹೆಸರನ್ನೂ ಸ್ಮರಿಸಿರಿ.